ಬೀಗರ ಹಡಗಿನ ಕೆಂಪಿರುವೆ

ಕೇಳ್ರಪ್ಪಾ ಕೇಳಿ! ಏಳು ಕಡಲಿನಾಚೆ, ಎಂಟನೆಯದರ ಈಚೆ ಒಂದು ನಾಡಿತ್ತಂತೆ. ಹೆಸರು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಆ ನಾಡಿನ ಬಂದರು ಕಾಯುತ್ತಿದ್ದವಳು ಮಾಚಕ್ಕ. ಅವಳ ತವರು ದ್ವೀಪ ಹಾಳಾಗಿಹೋಗಿತ್ತು. ಬಿರುಗಾಳಿಗೇ? ಅಲ್ಲ. ಶತ್ರುವಿಗೇ? ಅಲ್ಲ. ಹಡಗು ತಂದ ಮಣ್ಣಲ್ಲಿ ಬಂದಿಳಿದ ಕೆಂಪಿರುವೆಗೆ! ಹಕ್ಕಿಗೂಡಿನ ಮರಿ ತಿಂದವು, ಕರುಗಳ ಕಣ್ಣು ಕಚ್ಚಿದವು, ಕೊನೆಗೆ ಜನರನ್ನೇ ಓಡಿಸಿದವು.

ಇಂಥವಳ ಮಗಳು ಕುಸುಮಿಗೆ ಮದುವೆ. ಗಂಡಿನವರು ಬಂದದ್ದು ಯಾವುದರಲ್ಲಿ? ಹಡಗಿನಲ್ಲೇ! ತಂದದ್ದು ಅಕ್ಕಿಮೂಟೆ, ಮರದ ಪೆಟ್ಟಿಗೆ, ಮಲ್ಲಿಗೆ ಕುಂಡ.

ದಡದಲ್ಲಿ ವಾಲಗ ಮೊಳಗಿತು. ಮಾಚಕ್ಕ ಮಾತ್ರ ದೋಣಿಯಲ್ಲಿ ಹೋಗಿ ಹಡಗು ಹತ್ತಿದಳು. "ಒಂದು ಕಡ್ಡಿಯನ್ನೂ ಇಳಿಸಬೇಡಿ" ಎಂದವಳೇ ತೆಂಗಿನ ಚಿಪ್ಪಿನಲ್ಲಿ ಬೆಲ್ಲ ಹಾಕಿ ಮೂಟೆಗಳ ನಡುವೆ ಇಟ್ಟಳು.

ಗಂಡಿನ ಅಪ್ಪ ಬೊಮ್ಮಣ್ಣ ನಕ್ಕ. "ಬೀಗಿತ್ತೀ, ಬೆಲ್ಲ ನೀರು ಕೊಡೋದು ನೆಂಟರಿಗೆ. ನೀವು ಮೂಟೆಗೆ ಕೊಡ್ತಿದ್ದೀರಲ್ಲ!"

"ಮೂಟೇಲಿ ಅಡಗಿದ ನೆಂಟರಿಗೆ, ಬೀಗರೇ. ಊರಿಗೆ ಬಂದವಳು ನೀರಿಗೆ ಬಾರದಿರ್ತಾಳ್ಯೇ?"

ಕಾದರು. ಇರುವೆ ಬಂತೇ? ಇಲ್ಲ. ಪೆಟ್ಟಿಗೆಗಳ ಹತ್ತಿರ ಇಟ್ಟಳು. ಬಂತೇ? ಇಲ್ಲ. ಮೂರನೆಯ ಚಿಪ್ಪು ಹಿಡಿದು ಕುಂಡಗಳತ್ತ ಹೋದಾಗ ಬೊಮ್ಮಣ್ಣ ಸಿಡಿದ. "ಮುಹೂರ್ತ ಮೀರ್ತಿದೆ! ಇನ್ನು ಕುಂಡಕ್ಕೂ ಉಪಚಾರವೋ? ಹಡಗು ತಿರುಗಿಸ್ತೀನಿ, ಮದುವೆ ಮುರೀತು ಅಂದ್ಕೊಳ್ಳಿ!"

ಮಾಚಕ್ಕ ಚಿಪ್ಪನ್ನು ಹಿಂದಕ್ಕೆಳೆದುಕೊಂಡಳು. ಹೆತ್ತ ಕರುಳಲ್ಲವೇ? ಅಷ್ಟರಲ್ಲಿ ಕೆಳಗಿನಿಂದ ಕೂಗು. ಬಾಸಿಂಗ ಕಟ್ಟಿಕೊಂಡೇ ಕುಸುಮಿ ಇನ್ನೊಂದು ದೋಣಿಯಲ್ಲಿ ಬಂದುಬಿಟ್ಟಿದ್ದಳು!

"ಇಡವ್ವಾ! ಇನ್ನೊಂದು ಮುಹೂರ್ತ ಹುಡುಕಬಹುದು. ಇನ್ನೊಂದು ನಾಡು ಎಲ್ಲಿ ಹುಡುಕ್ತೀ?"

ಇಟ್ಟಳು. ಎಲೆಅಡಿಕೆ ಮೆಲ್ಲುವಷ್ಟು ಹೊತ್ತು, ಅಷ್ಟೇ. ಕುಂಡದ ಮಣ್ಣಿನಿಂದ ಒಂದು ಬಂತು, ಎರಡು ಬಂತು, ಆಮೇಲೆ ಸಾಲೇ ಸಾಲು! ಚಿಪ್ಪು ಕೆಂಪಗಾಯಿತು.

"ಅಯ್ಯಯ್ಯೋ ನನ್ನ ಕಾಲು!" ಬೊಮ್ಮಣ್ಣ ಕುಣಿದ.

"ಅಪ್ಪಾ, ಕುಣಿದದ್ದು ಸಾಕು, ಹಂಡೆ ಒಲೆಗಿಡಿ!" ಅಂದ ಮದುಮಗ, ತಾನೇ ಅಂಗಿಯ ತೋಳು ಮಡಚಿ. ಅಳಿಯ ಅಂದರೆ ಇವನಪ್ಪಾ! ಕುದಿನೀರು ಸುರಿದರು, ಮತ್ತೆ ಸುರಿದರು, ಮತ್ತೂ ಸುರಿದರು. ಮಲ್ಲಿಗೆ ಗಿಡ ಬೆಂದಿತು ನಿಜ, ನಾಡು ಉಳಿಯಿತು. ಹೊಸದಾಗಿ ಬೆಲ್ಲ ಇಟ್ಟರೆ ಒಂದು ಇರುವೆಯೂ ಸುಳಿಯಲಿಲ್ಲ.

ಪುರೋಹಿತರು ಗೋಧೂಳಿ ಲಗ್ನ ಗೊತ್ತುಮಾಡಿದರು. ದಡಕ್ಕೆ ಕಾಲಿಡುವ ಮೊದಲು ಬೊಮ್ಮಣ್ಣನೇ ನಿಂತು ಪೇಟ ಬಿಚ್ಚಿ ಕೊಡವಿದ, ಚಪ್ಪಲಿ ಬಡಿದ, ಜೇಬು ಮಗುಚಿದ. ಕೈ ಪಂಚೆಯ ಗಂಟಿಗೆ ಹೋಯಿತು ನೋಡಿ...

"ಸಾಕು, ಬನ್ನಿ ಬೀಗರೇ!" ಮಾಚಕ್ಕ ಕಿರುಚಿದಳು. "ಪಂಚೆಯನ್ನ ಕೊಡವದೇನೇ ನಂಬಿದೆ ನಾನು!"

ಕತೆ ದಡ ಸೇರಿತು. ಕೇಳಿದವರ ಅಂಗಳದಲ್ಲಿ ಹಕ್ಕಿ ಕೂಗಲಿ, ಹೇಳಿದವನ ಗಂಟಲಿಗೆ ಒಂದು ಲೋಟ ಮಜ್ಜಿಗೆ ಸಿಗಲಿ.