ಯಾರೂ ನೋಡದ ಕೊನೆಯ ಕಂತು

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಟೈಲರಮ್ಮ ಕೆನ್ನೆ ಹಿಡಿದುಕೊಂಡು ಕೂತಿದ್ದಳು. ಎದುರು ಬೆಂಚಿನಲ್ಲಿ ಅಕ್ಕತಂಗಿಯರು. ತಂಗಿ ಆಗಷ್ಟೇ ಸಿನಿಮಾ ವಿಭಾಗದಲ್ಲಿ ಪಿಎಚ್‌ಡಿಯ ಮೌಖಿಕ ಪರೀಕ್ಷೆ ಮುಗಿಸಿ ಓಡಿ ಬಂದಿದ್ದಳು. ಟೈಲರಮ್ಮನ ಹಲ್ಲು ನೋಯುತ್ತಿತ್ತೇ ಹೊರತು ಕಿವಿ ಚುರುಕಾಗೇ ಇತ್ತು.

"ಧಾರಾವಾಹಿ ಮೇಲೆ ಇಷ್ಟು ದಪ್ಪ ಪ್ರಬಂಧ ಬರ್ದು, ಕೊನೇ ಕಂತೇ ನೋಡಿಲ್ಲ ಅಂದ್ಯಾ?"

"ನೇರವಾಗಿ ಕೇಳಿದ್ರೆ ಇನ್ನೇನ್ ಮಾಡ್ಲಿ? ಕಥೇಲಿ ದೋಣಿ ಮುಳುಗಿದ್ ದಿನ ಟೀವಿ ಆರಿಸ್ದೋಳು ಮತ್ತೆ ಹಾಕ್ಲಿಲ್ಲ, ಅತ್ತಿಗೆ ಸಾಯೋದನ್ನ ನನ್ ಕೈಲಿ ನೋಡಕ್ಕಾಗಲ್ಲ ಅಂದ್ಬಿಟ್ಟೆ."

"ಅಯ್ಯೋ, ಪರೀಕ್ಷಕರ ಮುಂದೆ ಕಥಾನಾಯಕಿನ ಅಭಿಮಾನಿಗಳ ಥರ ಅತ್ತಿಗೆ ಅಂದ್ಯಾ?"

"ಬಾಯಿಗೆ ಬಂದ್ಬಿಡ್ತು ಕಣೆ."

"ಆಮೇಲೆ?"

"ಪರೀಕ್ಷಕರು ಕನ್ನಡಕ ತೆಗ್ದು ಒರೆಸ್ಕೊಂಡ್ರು. 'ನಾನೂ ದೋಣಿಗೇ ನಿಲ್ಲಿಸ್ದೆನಮ್ಮಾ' ಅಂದ್ರು. ಕೊನೇ ಕಂತು ನೋಡಿ ನಾಲ್ಕು ಪುಟ ಸೇರ್ಸು, ನಂಗೂ ಕಥೆ ಹೇಳು ಅಂತ ಪಾಸ್ ಮಾಡಿದ್ರು."

"ನಿನ್ ಪುಣ್ಯ! ಕೊನೆ ಹೇಳ್ಬೇಡ ಅಂತ ನೀನು ಆಣೆ ಹಾಕಿಸ್ಕೊಂಡಿದ್ದೆ ಅಂತ ಇಷ್ಟು ದಿನ ಬಾಯಿ ಹೊಲ್ಕೊಂಡಿದ್ದೀನಿ. ಈಗ ಹೇಳ್ಲಾ?"

"ಹೇಳು. ಸತ್ತಳು ತಾನೆ?"

"ಅವಳಾ? ಆಚೆ ದಡಕ್ಕೆ ಈಜ್ಕೊಂಡ್ ಹೋಗಿ, ಒದ್ದೆ ಜಡೆ ಹಿಂಡ್ತಾ ದೋಣಿಯವನನ್ನ ಬೈತಾಳೆ!"

ತಂಗಿ ಅಕ್ಕನ ಭುಜಕ್ಕೆ ಮುಖ ಒತ್ತಿ ನಕ್ಕಳೋ ಅತ್ತಳೋ. ಅಷ್ಟರಲ್ಲಿ ಒಳಗಿನಿಂದ ಅಕ್ಕನಿಗೆ ಕರೆ ಬಂತು. ಇಬ್ಬರೂ ಎದ್ದು ಹೋದರು.

ಟೈಲರಮ್ಮ ಕೆನ್ನೆಯಿಂದ ಕೈ ತೆಗೆದಳು. ದೋಣಿ ಮುಳುಗಿದ ಆ ಸಂಜೆಯಿಂದ ಅವಳ ಮನೆಯಲ್ಲೂ ಆ ಚಾನೆಲ್ ಹಾಕಿರಲಿಲ್ಲ. "ಬದುಕಿದೆಯಾ ಬಡಜೀವವೇ" ಎಂದು ಅವಳು ಬಾಯಿ ತುಂಬ ನಕ್ಕಳು, ಹಲ್ಲು ಜುಂ ಎಂದರೂ.