ಶುಕ್ರವಾರದವರೆಗೆ

ಮಲೇಷ್ಯಾದ ಇಪೋ ಊರಿನ ಕಣ್ಣಾಸ್ಪತ್ರೆಯಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಮುಂದಿನ ಬೆಂಚಿನಲ್ಲಿ ವಯಸ್ಸಾದ ಅಕ್ಕತಂಗಿಯರಿಬ್ಬರು ಕುಳಿತಿದ್ದರು. ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಂಗಿ ಫೋನು ನೋಡುತ್ತಿದ್ದಳು.

“ಕೈಗವಸಿನ ಕಂಪನಿ ಷೇರು ಎಷ್ಟಾಗಿದೆಯೇ, ಪೆಂಗ್?” ಅಕ್ಕ ಕೇಳಿದಳು.

“ಒಂದೂವರೆ ರಿಂಗಿಟ್.”

“ಬಿದ್ರೆ ಬೀಳ್ಲಿ ಬಿಡು. ಅಪ್ಪ ನಮಗೆ ಬಿಟ್ಟುಹೋಗೋ ಮುಂಚೆ ಹತ್ತು ವರ್ಷ ಇಟ್ಕೊಂಡು ಕೂತಿರ್ಲಿಲ್ವಾ? ನಾವೂ ಕಾಯೋಣ.”

“ಷೇರಾದ್ರೆ ಕಾಯಬಹುದು ಅಕ್ಕ. ಈಗಿರೋದು ವಾರಂಟು.”

“ಹಂಗಂದ್ರೆ?”

“ಅದೇ ಷೇರನ್ನ ಎರಡು ರಿಂಗಿಟ್‌ಗೆ ಕೊಳ್ಳೋ ಹಕ್ಕು, ಅಷ್ಟೆ. ಒಂದು ಷೇರು ಮಾರಿದ ದುಡ್ಡಿಗೆ ಹತ್ತು ವಾರಂಟು ಬಂತು. ಷೇರು ಮೂರಕ್ಕೆ ಹೋಗುತ್ತೆ ಅಂತ ಎಲ್ಲರೂ ಹೇಳ್ತಿದ್ರು.”

“ಹೋಗದಿದ್ರೆ?”

“ವಾರಂಟಿಗೆ ಕೊನೇ ದಿನ ಅಂತ ಒಂದಿರುತ್ತೆ. ಅಷ್ಟರೊಳಗೆ ಷೇರು ಎರಡು ರಿಂಗಿಟ್ ದಾಟದಿದ್ರೆ ಒಂದು ಕಾಸೂ ಬರಲ್ಲ.”

“ಯಾವತ್ತು?”

“ಈ ಶುಕ್ರವಾರ.”

ಅಂದು ಬುಧವಾರ. ಅಕ್ಕ ತಂಗಿಯ ಕಡೆ ತಿರುಗಿದಳು.

“ನೀನು ಮಾರಿದ್ದು ನಿನ್ನ ಪಾಲು ತಾನೇ? ನನ್ನದು ಷೇರಾಗೇ ಇದೆಯಲ್ಲ?”

ಪೆಂಗ್ ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು.

“ಹೊಸ ವರ್ಷದ ಹಿಂದಿನ ದಿನ ನೀನು ಒಂದು ಕಾಗದಕ್ಕೆ ನನ್ನ ಸಹಿ ಹಾಕಿಸ್ಕೊಂಡೆ,” ಎಂದಳು ಅಕ್ಕ ನಿಧಾನವಾಗಿ. “ಬ್ಯಾಂಕಿನಲ್ಲಿ ವಿಳಾಸ ಬದಲಾಯಿಸೋಕೆ ಅಂದಿದ್ದೆ.”

“ನಿನಗೂ ಒಳ್ಳೇದಾಗ್ಲಿ ಅಂತಲೇ ಮಾಡಿದ್ದು, ಅಕ್ಕ.”

“ನಾನು ಓದೋಕಾಗಲ್ಲ ಅಂತ ನಿನಗೆ ಗೊತ್ತಿತ್ತು.”

ನರ್ಸ್ ಬಾಗಿಲಲ್ಲಿ ನಿಂತು “ಲೂಯಿ ಫೂಂಗ್ ಕಾಮ್” ಎಂದು ಅಕ್ಕನ ಹೆಸರು ಕರೆದಳು. ತಂಗಿ ಎದ್ದು ಅಕ್ಕನ ತೋಳು ಹಿಡಿಯಲು ಹೋದಳು.

“ನೀನು ಕೂತ್ಕೋ.”

ಅಕ್ಕ ಗೋಡೆ ಸವರಿಕೊಂಡು ಒಬ್ಬಳೇ ಒಳಗೆ ನಡೆದಳು.