ಬ್ರೇಕ್ ಹಿಡಿದವಳು

ಆ ಹಿಂದಿನ ಬಾಗ್ಲು ಹಾಕ್ಕೊಂಡು ಬಂದು ಕೂತ್ಕೊಳ್ಳಿ, ಹೇಳ್ತೀನಿ. ನಾನು ದೆವ್ವ-ಗಿವ್ವ ಅಂತ ಹೆದರೋಳಲ್ಲ, ನಿಮ್ಗೇ ಗೊತ್ತು. ಯಾರಾದ್ರೂ ಇಂಥದ್ದು ಹೇಳಿದ್ರೆ ಮುಖದ ಮೇಲೇ ನಗೋಳು. ಆದ್ರೆ ಇದು ಎಲ್ಲೋ ಯಾರಿಗೋ ಆಗಿದ್ದಲ್ಲ. ಬಾಳೂರಲ್ಲಿ ನಮ್ಮ ಚಿಕ್ಕಮ್ಮನ ಮಗ ಮೋಹಿತ್ ಇದಾನಲ್ಲ… ಅವನಿಗೇ ಆಗಿದ್ದು. ವರ್ಷದ ಮೇಲಾಯ್ತು.

ಅವನೊಂಥರಾ ಜನ. ಫ್ಯಾನ್ ಕಿರುಗುಟ್ಟಿದ್ರೂ ತಾನೇ ಬಿಚ್ಚಬೇಕು. ಮೊಬೈಲಲ್ಲಿ ವಿಡಿಯೋ ನೋಡ್ಕೊಂಡು ಬೈಕಿನ ಇಂಜಿನ್ ಆಯಿಲ್ ತಾನೇ ಬದಲಾಯಿಸಿದ್ದ. ಇಳಿಸಿದ ಕರೀ ಆಯಿಲನ್ನ ಗೆದ್ದಲು ಹತ್ತದ ಹಾಗೆ ಗೇಟಿನ ಕಂಬಕ್ಕೆ ಬಳಿದಿದ್ದ. ಅಂಗಳ ತುಂಬ ಅದರ ವಾಸನೆ, ಅದರ ಮೇಲೆ ಇವನ ಜಂಬ. "ಇನ್ನು ಮೆಕ್ಯಾನಿಕ್ ಯಾಕಕ್ಕಾ?" ಅಂತ ನಂಗೂ ಫೋನ್ ಮಾಡಿ ಕೊಚ್ಕೊಂಡಿದ್ದ.

ಆಮೇಲೆ ಬ್ರೇಕ್ ಕೆಟ್ಟಿತು. ಇಳಿಜಾರಲ್ಲಿ ಮುಂದಿನ ಬ್ರೇಕ್ ಹಿಡಿದ್ರೆ ಲಿವರ್ ಮೆತ್ತಗೆ ಹ್ಯಾಂಡಲ್‌ವರೆಗೂ ಬಂತಂತೆ, ಬೈಕ್ ನಿಲ್ಲಲಿಲ್ಲ. ಕಾಫಿ ಗಿಡಕ್ಕೆ ನುಗ್ಗಿಸಿ ಜೀವ ಉಳಿಸ್ಕೊಂಡ. ಹೆಂಡ್ತಿ ಕೃತಿಕಾಗೆ ಆಗ ಐದು ತಿಂಗಳು. ಮಾರನೇ ಬೆಳಿಗ್ಗೆ ಅವಳನ್ನ ಅದೇ ಬೈಕಲ್ಲಿ ಮೂಡಿಗೆರೆಗೆ ಸ್ಕ್ಯಾನಿಂಗಿಗೆ ಕರ್ಕೊಂಡು ಹೋಗ್ಬೇಕು. ಬಸ್ಸಲ್ಲಿ ಹೋಗೋಣ ಅಂದ್ರೆ ಕೇಳೋ ಪೈಕಿನಾ?

ಜಾವಳಿಯ ಮೆಕ್ಯಾನಿಕ್ ನಿಯಾಜ್ ಹತ್ರ ಓಡಿದ. ನಿಯಾಜ್ ಯಾವುದೋ ಮದುವೆಗೆ ಹೊರಟು ನಿಂತಿದ್ದ. ಬ್ರೇಕ್ ಆಯಿಲ್ ಬಾಟ್ಲಿ ಕೊಟ್ಟು ಹೇಳಿದ: "ಇದು ಒಬ್ರ ಕೆಲ್ಸ ಅಲ್ಲ ಮಾರಾಯ. ಒಬ್ರು ಮೇಲೆ ಲಿವರ್ ಒತ್ತಿ ಹಿಡ್ಕೋಬೇಕು. ಒಬ್ರು ಕೆಳಗೆ ನಟ್ ಸಡಿಲ ಮಾಡ್ಬೇಕು, ಒಳಗಿನ ಗಾಳಿ ಹೋಗತ್ತೆ. ನಟ್ ಬಿಗಿ ಮಾಡಿ ಆದ್ಮೇಲೇ 'ಬಿಡು' ಅನ್ನು. ಅಲ್ಲಿವರೆಗೂ ಹಿಡಿದೋರು ಕೈ ತೆಗೀಬಾರ್ದು."

ಬಾಳೂರಲ್ಲಿ ಜೀಪಿಳಿದಾಗ ಪೂರ್ತಿ ಕತ್ತಲು. ತೋಟದ ಒಳದಾರಿ ಹಿಡಿದ. ಆ ದಾರೀಲಿ ಒಂದು ಹಳೇ ಬಾವಿ ಇದೆ, ಕಟ್ಟೆ ಒಂದು ಕಡೆ ಕುಸಿದಿರೋದು. ಅದರ ಪಕ್ಕ… ಒಬ್ಳು ಹೆಂಗಸು ನಿಂತಿದ್ಳು. ತಲೆ ಮೇಲೆ ಗೋಣಿಚೀಲದ ಕೊಪ್ಪೆ, ಮುಖ ಕಾಣ್ಲಿಲ್ಲ. ಯಾವುದೋ ತೋಟದ ಆಳು ಅಂದ್ಕೊಂಡ.

"ಕೆಲ್ಸ ಉಂಟಾ ಅಯ್ಯಾ?" ಪಿಸುದನಿ.

ಇವ್ನು ನಿಲ್ಲಲೂ ಇಲ್ಲ. "ಇದ್ರೆ ಕರೀತೀನಿ ಮಾರಾಯ್ತಿ."

"ಕರೀರಿ… ಬರ್ತೀನಿ."

ಸ್ವಲ್ಪ ಮುಂದೆ ಹೋದ್ಮೇಲೆ ಹಿಂದೆ, ಬಾವಿಯೊಳಗೆ 'ಬುಳಕ್' ಅಂತ ಒಂದು ಸದ್ದು. ಕಪ್ಪೆ ಹಾರಿರ್ಬೇಕು ಅಂತ ನಡೆದ.

ಮನೇಲಿ ಕರೆಂಟಿಲ್ಲ. ಬೈಕ್ ಶೆಡ್ಡಲ್ಲಿತ್ತು. ಕೃತಿಕಾನ ಹ್ಯಾಂಡಲ್ ಹತ್ರ ನಿಲ್ಲಿಸಿ, ಇವನು ಮುಂದಿನ ಚಕ್ರದ ಬುಡದಲ್ಲಿ ಕೂತ. ಮೊಬೈಲ್ ಟಾರ್ಚ್ ನಟ್ಟಿನ ಮೇಲೆ, ಒಂದು ಕಿವಿಗೆ ಇಯರ್‌ಫೋನ್, ಅದರಲ್ಲಿ ವಿಡಿಯೋ.

"ಒತ್ತು… ಹಿಡ್ಕೋ." 'ಕಿರ್ರ್' ಅಂತ ಲಿವರ್ ಸದ್ದು, ಜೊತೆಗೆ ಅವಳ ಬಳೆ ಸದ್ದು. ನಟ್ ಸಡಿಲ. 'ಪುಸ್' ಅಂತ ಗಾಳಿಗುಳ್ಳೆ. ನಟ್ ಬಿಗಿ. "ಬಿಡು."

ಹೀಗೇ ನಡೀತಾ ಇತ್ತು. ಮಧ್ಯೆ ಅವಳು ಏನೋ ಹೇಳಿದಾಳೆ, ಇವನ ಕಿವಿಗೆ ಬೀಳ್ಲಿಲ್ಲ. ತಲೆ ಎತ್ತದೆ ಇನ್ನೊಂದ್ಸಲ ಕರೆದ.

"ಹೂಂ, ಇನ್ನೊಂದು. ಹಿಡ್ಕೋ ಮಾರಾಯ್ತಿ."

'ಕಿರ್ರ್…'

ಈ ಸಲ ಗಟ್ಟಿಯಾಗಿ ಹಿಡಿದಿತ್ತು. ಒಂದೂ ಗುಳ್ಳೆ ಬರ್ಲಿಲ್ಲ, ಆಯಿಲ್ ನೆಟ್ಟಗೆ ಬಂತು. ಅಬ್ಬಾ, ಆಯ್ತು ಅಂತ ನಟ್ ಬಿಗಿ ಮಾಡ್ದ. ಆಗ ಕತ್ತಿನ ಮೇಲೆ 'ತೊಟ್' ಅಂತ ಒಂದು ಹನಿ. ತಣ್ಣಗೆ… ಪಾಚಿ ವಾಸನೆ. ಇನ್ನೊಂದು ಹನಿ. ಆಯಿಲ್ ಅಲ್ಲ, ನೀರು. ಅವನಿಗೆ ಆಗ ಹೊಳೀತು. ಬಳೆ ಸದ್ದು ಬರ್ಲೇ ಇಲ್ವಲ್ಲ…

ಅಷ್ಟೊತ್ತಿಗೆ ಅಡುಗೆಮನೆಯಿಂದ 'ಚುಂಯ್' ಅಂತ ಕೇಳ್ತು. ಹಿಂದೇನೇ ಕೃತಿಕಾ ದನಿ: "ಅಯ್ಯೋ, ಹಾಲು ಉಕ್ಕಿ ಹೋಯ್ತಲ್ಲ!"

ಅವಳು ಒಳಗಿದಾಳೆ. ಲಿವರ್ ಬಿಟ್ಟ ಸದ್ದೂ ಬಂದಿಲ್ಲ… ಇನ್ನೂ ಒತ್ತಿದ ಹಾಗೇ ಇದೆ.

ಮೋಹಿತ್ ತಲೆ ಎತ್ಲಿಲ್ಲ. ಎತ್ತೋ ಧೈರ್ಯ ಬರ್ಲಿಲ್ಲ ಅಕ್ಕಾ ಅಂತ ನನ್ನೆದುರೇ ಅತ್ತಿದಾನೆ, ಅಷ್ಟು ದೊಡ್ಡ ಗಂಡಸು. ಮೇಲಿಂದ ಮೆಲ್ಲಗೆ ಪಿಸುದನಿ ಬಂತು.

"ಬಿಡ್ಲಾ… ಅಯ್ಯಾ?"

ನೀವೂ ತೋಟದ ಕಡೆಯೋರೇ. ಸಂಜೆ ಮೇಸ್ತ್ರಿ "ಬಿಡ್ರೋ" ಅಂದ್ಮೇಲೇ ಆಳುಗಳು ಕೆಲ್ಸ ನಿಲ್ಲಿಸೋದು. ಕೆಲ್ಸ ಮುಗಿಸಿದೋರು ಆಮೇಲೆ ಎಲ್ಲಿಗೆ ಬರ್ತಾರೆ? ಮನೆ ಅಂಗಳಕ್ಕೆ. ಕೈಕಾಲು ತೊಳ್ಕೊಂಡು, ಬಾಗ್ಲಲ್ಲಿ ನಿಂತು ಕಾಫಿ ಕೇಳ್ತಾರೆ. ಅದು ಅವನ ತಲೆಗೆ ಬಂತು. ಒಳಗೆ ಬಸುರಿ ಹೆಂಡ್ತಿ. ಇವನು ತುಟಿ ಕಚ್ಕೊಂಡು ಕೂತ.

ಅಷ್ಟರಲ್ಲಿ ಕೃತಿಕಾ ಟಾರ್ಚ್ ಹಿಡ್ಕೊಂಡು ಶೆಡ್ ಬಾಗ್ಲಿಗೆ ಬಂದ್ಳು. ಬೆಳಕಿಗೆ ಯಾರೂ ಕಾಣ್ಲಿಲ್ಲ. ಲಿವರ್ ಮಾತ್ರ ತಾನಾಗೇ ಹ್ಯಾಂಡಲಿಗೆ ಅಂಟಿತ್ತು. ಅದನ್ನ ಅವಳು ಗಮನಿಸ್ಲಿಲ್ಲ.

"ಬಿಡ್ಲಾ…?"

ಕೃತಿಕಾಗೂ ಕೇಳ್ತು. ಗಂಡನೇ ಏನೋ ಕೇಳಿದ ಅಂದ್ಕೊಂಡ್ಳು ಪಾಪ. "ಹೂಂ ರೀ, ಬಿ—"

ಹಾರಿ ಬಂದು ಅವಳ ಬಾಯಿ ಮುಚ್ಚಿದ ನೋಡಿ. ಆಯಿಲ್ ಕೈಯಲ್ಲೇ. ಹಾಗೇ ಎಳ್ಕೊಂಡು ಒಳಗೆ ಹೋಗಿ ಚಿಲಕ ಹಾಕ್ದ. ಬೆಳಗಾಗೋವರೆಗೂ ಇಬ್ರೂ ತುಟಿ ಪಿಟಕ್ ಅನ್ಲಿಲ್ಲ. ಶೆಡ್ ಕಡೆಯಿಂದ 'ತೊಟ್… ತೊಟ್…' ಕೇಳ್ತಾನೇ ಇತ್ತಂತೆ.

ಬೆಳಿಗ್ಗೆ ಬಸ್ಸಲ್ಲೇ ಮೂಡಿಗೆರೆಗೆ ಹೋದ್ರು. ಮಗು ಚೆನ್ನಾಗಿದೆ ಅಂದ್ರು ಡಾಕ್ಟ್ರು. ಮದುವೆ ಮುಗಿಸಿ ಬಂದ ನಿಯಾಜ್ ಬೈಕ್ ನೋಡ್ದ. ಬ್ರೇಕ್ ಆಯಿಲ್ ಪೂರ್ತಿ ಇಳಿಸಿದ, ಪೈಪ್ ಕಳಚಿದ. ಲಿವರನ್ನ ಹಿಡಿದಿಡೋಕೆ ಒಳಗೆ ಏನೂ ಇಲ್ಲ. ಲಿವರ್ ಮಾತ್ರ ಹಿಂದಕ್ಕೆ ಬರ್ಲಿಲ್ಲ. "ನನ್ನಿಂದ ಆಗಲ್ಲ ಮೋಹಿತಣ್ಣ" ಅಂತ ಸಾಮಾನು ಎತ್ಕೊಂಡು ಹೊರಟ. ಆಮೇಲೆ ಅವ್ನು ಆ ಶೆಡ್ಡಿಗೆ ಕಾಲಿಟ್ಟಿಲ್ಲ.

ಕತೆ ಕಟ್ತೀಯಾ ಅಂತೀರಾ? ಹೋದ ತಿಂಗಳು ನಾನೇ ಹೋಗಿದ್ದೆ. ಮಗು ಮುದ್ದಾಗಿದೆ, ಯಾರ ಕೂದ್ಲು ಸಿಕ್ಕಿದ್ರೂ ಹಿಡಿದು ಜಗ್ಗತ್ತೆ. ಕೃತಿಕಾ "ಕೈ ತೆಗಿ ಪುಟ್ಟಾ, ಕೈ ತೆಗಿ" ಅಂತಾಳೆ. ಆ ಇನ್ನೊಂದು ಮಾತು ಮಾತ್ರ ಅವಳ ಬಾಯಲ್ಲಿ ಬರಲ್ಲ. ಶೆಡ್ಡಿಗೂ ಹೋಗಿ ನೋಡ್ದೆ. ಬೈಕಿನ ಟೈರ್ ಇಳಿದಿದೆ, ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯೋಷ್ಟು ಧೂಳು. ಬ್ರೇಕ್ ಲಿವರ್ ಮೇಲೆ ಒಂದು ಚೂರೂ ಧೂಳಿಲ್ಲ. ಮುಟ್ಟಿ ನೋಡ್ದೆ… ಒದ್ದೆ.

ಸುಳ್ಳು ಹೇಳಿ ನಂಗೇನಾಗ್ಬೇಕು? ನೀವೇ ಬಾಳೂರಿಗೆ ಹೋಗಿ ನೋಡ್ಕೊಂಡು ಬನ್ನಿ. ಕೃತಿಕಾ ಇನ್ನೊಂದು ಲೋಟ ಕಾಫಿ ತಗೊಳ್ಳಿ ಅಂತ ಬಲವಂತ ಮಾಡ್ತಾಳೆ. ಬೇಡ ಅಂದ್ರೆ 'ಸಾಕು' ಅನ್ನಿ. ಮರ್ತು 'ಇರ್ಲಿ ಬಿಡು' ಅನ್ಬೇಡಿ.